ಬಂದೂಕೇ ಕೈಕೊಟ್ಟರೆ ಪರಿಹಾರ ಕೊಡುವವರು ಯಾರು?

ಅಮೆರಿಕದ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ಸುದ್ದಿ ಒಂದೆರಡು ವರ್ಷದಿಂದ ಬಿಟ್ಟು ಬಿಟ್ಟು ಬರುತ್ತಲೇ ಇದೆ. ಒಂದು ಸಲ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಿತು, ಕಂಪನಿ ಕೋಟಿಗಟ್ಟಲೆ ಕೊಡಬೇಕು ಅಂತ ತೀರ್ಪು ಬಂತು ಅನ್ನುತ್ತಾರೆ. ಇನ್ನೊಂದು ಸಲ, ಪಿಸ್ತೂಲು ಸರಿಯಾಗೇ ಇದೆ, ವಾಯುಪಡೆ ಮತ್ತೆ ಬಳಸುತ್ತಿದೆ ಅನ್ನುತ್ತಾರೆ. ಯಾವುದನ್ನು ನಂಬೋದು?

ನಮ್ಮ ಕಡೆಯವರಿಗೆ ಇದರ ಜೊತೆಗೆ ಇನ್ನೊಂದು ಅನುಮಾನ. ಕುಷ್ಟಗಿ, ಯಲಬುರ್ಗಾ ಕಡೆ ಹಂದಿ ಕಾಟಕ್ಕೆ ಅಂತ ಹೊಲದ ಗುಡಿಸಲಲ್ಲಿ ಇಟ್ಟುಕೊಂಡ ಬಂದೂಕು, ಬಳ್ಳಾರಿಯ ಬ್ಯಾಂಕ್ ಬಾಗಿಲಲ್ಲಿ ನಿಂತ ಮಾಜಿ ಸೈನಿಕರ ಜೋಡುನಳಿಗೆ, ಇವು ಕೈಯಲ್ಲೇ ಒಡೆದರೆ ಏನು ಗತಿ? ಇಲ್ಲೂ ತಯಾರಿಸಿದವರ ಮೇಲೆ ಕೇಸು ಹಾಕಬಹುದಾ?

ಹಾಕಬಹುದು. ಕಾನೂನು ಕಾಗದದ ಮೇಲೆ ಗಟ್ಟಿಯಾಗೇ ಇದೆ. ಆದರೆ ಇಂಥ ಕೇಸಿನ ಹಣೆಬರಹ ವಕೀಲರ ವಾದಕ್ಕಿಂತ ಬಹಳ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಗಾಯ ಆದ ಮೊದಲ ಕೆಲವು ದಿನಗಳಲ್ಲಿ ಆ ಬಂದೂಕು ಯಾರ ಕೈಗೆ ಹೋಯಿತು, ಅದರ ಬಗ್ಗೆ ಯಾರು ಏನು ಬರೆದುಕೊಂಡರು ಅನ್ನೋದರ ಮೇಲೆ ಅದು ನಿಂತಿರುತ್ತದೆ.

ಅಮೆರಿಕದಲ್ಲಿ ಜಗಳ ಏನು?

ಪಿ320 ಮಾರುಕಟ್ಟೆಗೆ ಬಂದದ್ದು 2014ರಲ್ಲಿ. 2017ರಲ್ಲಿ ಅಮೆರಿಕದ ಸೇನೆ ಇದರದ್ದೇ ಒಂದು ಮಾದರಿಯನ್ನು ಆರಿಸಿಕೊಂಡಿತು. ಅದೇ ವರ್ಷ, ಪಿಸ್ತೂಲು ಕೆಳಗೆ ಬಿದ್ದರೆ ಗುಂಡು ಹಾರಬಹುದು ಅನ್ನೋ ದೂರು ಎದ್ದಾಗ, ಕಂಪನಿ ಪುಕ್ಕಟೆಯಾಗಿ ಭಾಗ ಬದಲಿಸಿಕೊಡಲು ಒಪ್ಪಿತು. ಆಮೇಲೂ ದೂರು ನಿಲ್ಲಲಿಲ್ಲ. ಬೇರೆ ಕಂಪನಿಗಳ ಇಂಥದೇ ಪಿಸ್ತೂಲುಗಳಲ್ಲಿ ಟ್ರಿಗರ್ ಮೇಲೆ ಒಂದು ಸಣ್ಣ ಸುರಕ್ಷತಾ ಪಟ್ಟಿ ಇರುತ್ತದೆ, ಇದರಲ್ಲಿ ಇಲ್ಲ, ಹಾಗಾಗಿ ವಿನ್ಯಾಸವೇ ದೋಷದ್ದು ಅನ್ನೋದು ಗಾಯಾಳುಗಳ ವಾದ. ಟ್ರಿಗರ್ ಎಳೆಯದೆ ಇದು ಹಾರೋದೇ ಇಲ್ಲ, ಬೆರಳೋ ಬಟ್ಟೆಯೋ ತಾಗಿರಬೇಕು ಅನ್ನೋದು ಕಂಪನಿಯ ವಾದ.

2024ರ ಜೂನ್‌ನಲ್ಲಿ ಜಾರ್ಜಿಯಾದ ಜ್ಯೂರಿ ಒಬ್ಬ ಗಾಯಾಳುವಿಗೆ 23.5 ಲಕ್ಷ ಡಾಲರ್ ಕೊಡಿ ಅಂದಿತು. ಅದೇ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ಜ್ಯೂರಿ 1.1 ಕೋಟಿ ಡಾಲರ್ ಅಂದಿತು. ಇದೇ ಪಿಸ್ತೂಲಿನ ಬೇರೆ ಕೇಸುಗಳು, ತಜ್ಞರ ಸಾಕ್ಷ್ಯ ಸಾಲದು ಅಂತ ವಜಾ ಆದದ್ದೂ ಇದೆ. 2025ರ ಜುಲೈನಲ್ಲಿ ವ್ಯೋಮಿಂಗ್‌ನ ವಾಯುನೆಲೆಯೊಂದರಲ್ಲಿ ಸೈನಿಕನೊಬ್ಬ ಸತ್ತ ಮೇಲೆ ವಾಯುಪಡೆಯ ಒಂದು ವಿಭಾಗ ಇದರ ಬಳಕೆ ನಿಲ್ಲಿಸಿತು. ಮುಂದಿನ ತಿಂಗಳು ಆ ಸಾವಿನ ಸಂಬಂಧ ಇನ್ನೊಬ್ಬ ಸೈನಿಕನ ಬಂಧನ ಆಯಿತು. ತಪಾಸಣೆ ಮುಗಿಸಿ ಪಿಸ್ತೂಲನ್ನು ಮತ್ತೆ ಬಳಕೆಗೆ ತಂದರು.

ಇಷ್ಟೊಂದು ಎಳೆದಾಟ ಯಾಕೆ ಅಂದರೆ, ಅಮೆರಿಕದಲ್ಲಿ ಆಟಿಕೆಯಲ್ಲಿ ದೋಷ ಇದ್ದರೆ ವಾಪಸ್ ತರಿಸೋ ಸರ್ಕಾರಿ ಆಯೋಗಕ್ಕೆ ಬಂದೂಕಿನ ಮೇಲೆ ಅಧಿಕಾರ ಇಲ್ಲ. 1970ರ ದಶಕದಲ್ಲೇ ಅದನ್ನು ಹೊರಗಿಟ್ಟರು. ಬಂದೂಕು ಬಳಸಿ ಯಾರೋ ಅಪರಾಧ ಮಾಡಿದರೆ ಕಂಪನಿ ಹೊಣೆ ಅಲ್ಲ ಅಂತ 2005ರಲ್ಲಿ ಇನ್ನೊಂದು ಕಾನೂನು ಬಂತು. ಆದರೆ ದೋಷದಿಂದ ಆದ ಗಾಯಕ್ಕೆ ಕೇಸು ಹಾಕುವ ಬಾಗಿಲನ್ನು ಅದರಲ್ಲಿ ತೆರೆದೇ ಇಟ್ಟಿದ್ದಾರೆ. ಆ ಬಾಗಿಲಿಂದಲೇ ರೆಮಿಂಗ್ಟನ್ 700 ಮಾದರಿಯ ಸುಮಾರು 75 ಲಕ್ಷ ರೈಫಲ್‌ಗಳ ಟ್ರಿಗರ್ ವಿಷಯ ಬಗೆಹರಿದದ್ದು. ಸರ್ಕಾರ ಕೈಹಾಕುವ ಹಾಗಿಲ್ಲ, ಆದ್ದರಿಂದ ಎಲ್ಲವೂ ಕೋರ್ಟಿಗೆ. ಕೋರ್ಟಿನಲ್ಲಿ ಒಂದೊಂದು ಕೇಸಿನ ಪುರಾವೆ ಒಂದೊಂದು ಥರ, ತೀರ್ಪೂ ಹಾಗೇ.

ನಮ್ಮಲ್ಲಿ 2020ರಿಂದ ಬದಲಾದದ್ದು

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದರಲ್ಲಿ 82ರಿಂದ 87ನೇ ಸೆಕ್ಷನ್‌ವರೆಗೆ ಉತ್ಪನ್ನ ಹೊಣೆಗಾರಿಕೆ ಅಂತ ಹೊಸ ಅಧ್ಯಾಯವೇ ಇದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ತಾವೇ ಹಾಕಿಕೊಂಡ ಅಳತೆ ತಪ್ಪಿದ್ದು, ಕೊಟ್ಟ ಭರವಸೆಗೆ ಹೊಂದದೇ ಇದ್ದದ್ದು, ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಸರಿಯಾಗಿ ಕೊಡದೇ ಇದ್ದದ್ದು. ಇವುಗಳಲ್ಲಿ ಒಂದು ಸಾಬೀತಾಗಿ, ಅದರಿಂದಲೇ ಗಾಯ ಆಯಿತು ಅಂತ ತೋರಿಸಿದರೆ ಸಾಕು. ಕಾರ್ಖಾನೆಯವರು ಅಜಾಗರೂಕರಾಗಿದ್ದರು ಅಂತ ಬೇರೆಯಾಗಿ ತೋರಿಸಬೇಕಿಲ್ಲ.

ಇದು ಸಣ್ಣ ಮಾತಲ್ಲ. ಇಲ್ಲದಿದ್ದರೆ ಬಂದೂಕು ಮಾಡುವ ಕಾನ್ಪುರದ ಕಾರ್ಖಾನೆಯಲ್ಲಿ ಯಾವ ಪಾಳಿಯಲ್ಲಿ ಯಾರು ಏನು ತಪ್ಪು ಮಾಡಿದರು ಅನ್ನೋದನ್ನ ಲಿಂಗಸುಗೂರಿನಲ್ಲಿ ಕೂತು ಹೇಗೆ ತೋರಿಸೋದು?

ಎಲ್ಲಿ ದೂರು ಕೊಡಬೇಕು ಅನ್ನೋದೂ ಸುಲಭ ಆಗಿದೆ. ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಕೊಡಬಹುದು, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇದೆ. ಇಲ್ಲಿ ಜನ ಎಡವೋದು ಒಂದೇ ಕಡೆ: ಯಾವ ಆಯೋಗ ಅನ್ನೋದು ಕೇಳುವ ಪರಿಹಾರದ ಮೇಲೆ ಹೋಗಲ್ಲ, ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ ಹೋಗುತ್ತದೆ. ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಒಂದು ಡಬ್ಬಿ ತೋಟಾದ ಬೆಲೆ ಎಷ್ಟಾದರೇನು, ಅದರಿಂದ ಕಣ್ಣು ಹೋದರೆ ಎಷ್ಟೇ ದೊಡ್ಡ ಪರಿಹಾರವನ್ನೂ ಕೊಪ್ಪಳದಲ್ಲೇ ಕೇಳಬಹುದು. ಈ ಬೆಲೆಯ ಲೆಕ್ಕ ಸರಿಯೇ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ.

ನಳಿಗೆ ಯಾಕೆ ಸೀಳುತ್ತದೆ?

ಎಲ್ಲ ಜಗಳವೂ ಕೊನೆಗೆ ಬಂದು ನಿಲ್ಲೋದು ಈ ಪ್ರಶ್ನೆಯ ಹತ್ತಿರ, ಹಾಗಾಗಿ ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಕಡೆ ಲೈಸೆನ್ಸ್ ಬಂದೂಕು ಅಂದರೆ ಜಾಸ್ತಿ 12 ಬೋರಿನವೇ, ಒಂಟಿನಳಿಗೆ ಇಲ್ಲಾ ಜೋಡುನಳಿಗೆ. ಬೋರ್ ಅಂದರೆ ನಳಿಗೆಯ ಅಗಲದ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಹಾರಿಸಿದಾಗ ಮದ್ದು ಉರಿದು ಅನಿಲ ಆಗಿ ಚರೆಯನ್ನು ಮುಂದೆ ತಳ್ಳುತ್ತದೆ. ಮುಂದೆ ದಾರಿ ಇಲ್ಲದಿದ್ದರೆ ಆ ಒತ್ತಡ ಪಕ್ಕಕ್ಕೆ ತಿರುಗುತ್ತದೆ. ಹೊಲದ ಕೆಸರು, ಕಣಜದ ಗೂಡು, ಒರೆಸುವಾಗ ಉಳಿದ ಚಿಂದಿ ಬಟ್ಟೆ, ಇಷ್ಟು ಸಾಕು. ಹೀಗಾದಾಗ ಅಡ್ಡಿ ಇದ್ದ ಜಾಗದಲ್ಲಿ ನಳಿಗೆ ಬಳೆಯ ಹಾಗೆ ಸುತ್ತಲೂ ಉಬ್ಬಿರುತ್ತದೆ ಅಥವಾ ಅಲ್ಲೇ ಸೀಳಿರುತ್ತದೆ. ಇದಕ್ಕೆ ತಯಾರಕ ಹೊಣೆ ಅಲ್ಲ.

ಇನ್ನೊಂದು, ತೋಟಾ ಅದಲು ಬದಲಾಗೋದು. 20 ಬೋರಿನ ತೋಟಾ ಸಣ್ಣದು. ಅದನ್ನು 12 ಬೋರಿನ ಬಂದೂಕಿಗೆ ಹಾಕಿದರೆ ಜಾರಿ ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಖಾಲಿ ಅನ್ನೋ ಹಾಗೇ ಕಾಣುತ್ತದೆ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ, ಅಯ್ಯೋ ಹಾಕೇ ಇಲ್ಲ ಅಂದುಕೊಂಡು ಇನ್ನೊಂದು 12ರದ್ದು ತುಂಬಿ ಹಾರಿಸಿದರೆ, ಹಿಂದಿನದು ಹೋಗಿ ಮುಂದಿನದಕ್ಕೆ ಬಡಿಯುತ್ತದೆ. ನಳಿಗೆ ಒಡೆಯುವ ಆ ಜಾಗದಲ್ಲೇ ಎಡಗೈ ಇರುತ್ತದೆ. ಇದೇ ಕಾರಣಕ್ಕೆ ಬಹಳಷ್ಟು ಕಂಪನಿಗಳು 20 ಬೋರಿನ ತೋಟಾವನ್ನು ಹಳದಿ ಬಣ್ಣದಲ್ಲಿ ಮಾಡುತ್ತವೆ.

ಉದ್ದದ ಎಡವಟ್ಟು ಇನ್ನೂ ಮೋಸದ್ದು. ಹಳೆಯ ಬಂದೂಕಿನ ತೋಟಾ ಕೂರುವ ಜಾಗ 65 ಮಿಲಿಮೀಟರ್ ಇರಬಹುದು. ಈಗಿನ ತೋಟಾ 70. ಆದರೆ ಆ 70 ಅನ್ನೋದು ಹಾರಿಸಿ ಬಾಯಿ ಬಿಚ್ಚಿದ ಮೇಲಿನ ಅಳತೆ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ 65ರ ಜಾಗದಲ್ಲಿ ಆರಾಮಾಗಿ ಕೂರುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಒಂದೇ ಸಲಕ್ಕೆ ಒಡೆಯದೇ ಇರಬಹುದು, ಸಲ ಸಲಕ್ಕೂ ದಣಿಸುತ್ತಾ ಹೋಗುತ್ತದೆ. ಈ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಓದಲು ಬರುವ ಹಾಗೆ ಹಾಕಿದ್ದರಾ, ಅಂಗಡಿಯವರು ಬಂದೂಕು ಯಾವುದು ಅಂತ ಕೇಳಿ ಕೊಟ್ಟರಾ? ಇಲ್ಲಿಂದ ಹೊಣೆಗಾರಿಕೆಯ ಮಾತು ಶುರುವಾಗುತ್ತದೆ.

ಇನ್ನು ನಿಜವಾದ ತಯಾರಿಕಾ ದೋಷ. ಉಕ್ಕಿನಲ್ಲೇ ಬಿರುಕು, ಹದ ತಪ್ಪಿದ ಲೋಹ, ಲೆಕ್ಕ ತಪ್ಪಿ ತುಂಬಿದ ಮದ್ದು, ಸ್ವಲ್ಪ ತಾಗಿದರೂ ಜಾರುವ ಟ್ರಿಗರ್ ಕೊಂಡಿ. ಮಾರುವ ಮೊದಲು ಪ್ರತಿ ಬಂದೂಕಿಗೂ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ನೋಡಿ, ತಾಳಿದರೆ ನಳಿಗೆಯ ಮೇಲೆ ಪ್ರೂಫ್ ಮುದ್ರೆ ಒತ್ತುತ್ತಾರೆ. ಆದರೂ ಒಳಗಿನ ಕೂದಲೆಳೆಯ ಬಿರುಕು ಆ ಪರೀಕ್ಷೆ ದಾಟಿ ಬರಬಹುದು.

ಒಡೆದ ಲೋಹವೇ ಸಾಕ್ಷಿ ಹೇಳುತ್ತದೆ. ಹಳೇ ಬಿರುಕಿನ ಜಾಗ ಮಂಕಾಗಿ, ಕಪ್ಪಾಗಿ ಇರುತ್ತದೆ. ಆ ಕ್ಷಣದಲ್ಲಿ ಸೀಳಿದ ಜಾಗ ಹೊಳೆಯುತ್ತಿರುತ್ತದೆ. ಒಡೆದ ಬಂದೂಕನ್ನು ಯಾರಾದರೂ ಒರೆಸಿ ಎಣ್ಣೆ ಹಚ್ಚಿದರೆ, ಇಲ್ಲಾ ತಿಂಗಳುಗಟ್ಟಲೆ ತೇವದ ಕೋಣೆಯಲ್ಲಿ ಬಿದ್ದು ಎಲ್ಲಾ ತುಕ್ಕು ಹಿಡಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಅಲ್ಲಿಗೆ ಅರ್ಧ ಕೇಸು ಹೋದ ಹಾಗೆ.

ಠಾಣೆಗೆ ಹೋದ ಬಂದೂಕು, ಯಾರೂ ಕೇಳದ ಪ್ರಶ್ನೆ

ಗುಂಡಿನ ಗಾಯ ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಪೊಲೀಸರು ಬಂದೂಕು ಜಪ್ತಿ ಮಾಡುತ್ತಾರೆ. ಅದು ಸರಿಯೇ. ಆಮೇಲೆ ಅದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಪೊಲೀಸರ ತನಿಖೆಗೆ ಬೇಕಾದ ಪ್ರಶ್ನೆಗಳು ಬೇರೆ: ಇದು ಬಂದೂಕಾ? ಕೆಲಸ ಮಾಡುವ ಸ್ಥಿತಿಯಲ್ಲಿತ್ತಾ? ಇತ್ತೀಚೆಗೆ ಹಾರಿಸಿದ್ದಾರಾ? ಅಪರಾಧ ಆಗಿದೆಯಾ ಅಂತ ನೋಡಲು ಇಷ್ಟು ಸಾಕು. ಪರಿಹಾರ ಕೇಳುವವರಿಗೆ ಬೇಕಾದದ್ದು ಒಂದೇ ಪ್ರಶ್ನೆ, ಇದು ಯಾಕೆ ಒಡೆಯಿತು? ಅದನ್ನು ಕೇಳದಿದ್ದರೆ ವರದಿಯಲ್ಲಿ ಉತ್ತರ ಎಲ್ಲಿಂದ ಬರಬೇಕು?

ಆಮೇಲೆ ಕಂಪನಿಯ ವಕೀಲರು ಅದೇ ವರದಿ ಹಿಡಿದು, ದೋಷ ಅಂತ ಎಲ್ಲಿ ಬರೆದಿದೆ ತೋರಿಸಿ ಅನ್ನುತ್ತಾರೆ. ಹಾಗಾಗಿ ಗಾಯಾಳುವಿನ ಮನೆಯವರು ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು. ಒಡೆದ ಚೂರು, ಖಾಲಿ ತೋಟಾ, ಅದೇ ಡಬ್ಬಿಯಲ್ಲಿ ಉಳಿದ ತೋಟಾ ಎಲ್ಲವನ್ನೂ ಸೀಲ್ ಮಾಡಿ ಇಡಿ, ಒಡೆದ ಕಾರಣವನ್ನೂ ಪ್ರಯೋಗಾಲಯಕ್ಕೆ ಕೇಳಿ ಅಂತ. ಒಂದು ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಳ್ಳಬೇಕು. ಗ್ರಾಹಕ ಆಯೋಗಕ್ಕೂ ಅಧಿಕಾರ ಇದೆ. ಪರೀಕ್ಷೆ ಮಾಡದೆ ದೋಷ ತಿಳಿಯದು ಅನ್ನಿಸಿದರೆ 38ನೇ ಸೆಕ್ಷನ್ ಪ್ರಕಾರ ಅದು ಮಾದರಿಯನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, 45 ದಿನದಲ್ಲಿ ವರದಿ ಬರಬೇಕು. ಕೋರ್ಟಿನ ವಶದಲ್ಲಿರುವ ವಸ್ತುವಾದರೆ ಮೊದಲು ಆ ಕೋರ್ಟಿನ ಅನುಮತಿ ಬೇಕು. ಅಲ್ಲೇ ತಿಂಗಳುಗಳು ಕಳೆಯುತ್ತವೆ.

ಇನ್ನೊಂದು ಸೂಕ್ಷ್ಮ ಇದೆ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಬಂದೂಕುಗಳು ಠಾಣೆಗೆ ಜಮಾ ಆಗುತ್ತವೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಅಂತ ನಮ್ಮಲ್ಲಿ ಚುನಾವಣೆಗೇನು ಬರ. ವಾಪಸ್ ತರುವಾಗ ನಳಿಗೆಯೊಳಗೆ ಇಣುಕಿ ನೋಡಿ, ತುಕ್ಕೋ ಏನೋ ಇದ್ದರೆ ಅಲ್ಲೇ ಬರೆಸಿಕೊಂಡು ಬರುವವರು ಎಷ್ಟು ಜನ? ಬರೆಸದಿದ್ದರೆ ಮುಂದೆ ಆ ತುಕ್ಕೂ ಮಾಲೀಕನ ತಲೆಗೇ ಬರುತ್ತದೆ.

ಬಂದೂಕಿನವರು ಒಬ್ಬರು, ತೋಟಾದವರು ಇನ್ನೊಬ್ಬರು

ಶಸ್ತ್ರ, ಮದ್ದುಗುಂಡು ತಯಾರಿಸುವ ದೇಶದ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಏಳು ಸರ್ಕಾರಿ ಕಂಪನಿಗಳಾಗಿ ಒಡೆದಿವೆ. ಬಂದೂಕು, ರಿವಾಲ್ವರ್ ಮಾಡುವ ಕಾರ್ಖಾನೆಗಳು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಹೋದವು, ಮದ್ದುಗುಂಡಿನವು ಪುಣೆಯ ಮ್ಯೂನಿಷನ್ಸ್ ಇಂಡಿಯಾಗೆ. ಮೊದಲಾದರೆ ಒಂದೇ ಮಂಡಳಿಯ ಮೇಲೆ ದೂರು ಹಾಕಿದರೆ ಮುಗಿಯಿತು. ಈಗ ತೋಟಾದ ತಪ್ಪು ಅಂತ ಇವರು, ಬಂದೂಕಿನ ತಪ್ಪು ಅಂತ ಅವರು ಹೇಳಬಹುದು. ಇಬ್ಬರನ್ನೂ, ಜೊತೆಗೆ ಮಾರಿದ ಅಂಗಡಿಯನ್ನೂ ಮೊದಲೇ ಎದುರುದಾರರಾಗಿ ಸೇರಿಸುವುದು ಜಾಣತನ.

ಅಂಗಡಿಯವರ ವಾದದಲ್ಲೂ ನ್ಯಾಯ ಇಲ್ಲದೇ ಇಲ್ಲ. ಸೀಲ್ ಆದ ಡಬ್ಬಿ ತಂದು ಸೀಲ್ ಇದ್ದ ಹಾಗೇ ಮಾರಿದ್ದೇವೆ, ಒಳಗೇನಿದೆ ಅಂತ ನಮಗೇನು ಗೊತ್ತು ಅನ್ನುತ್ತಾರೆ. ಕಾನೂನೂ ಅವರನ್ನು ಸುಮ್ನೆ ಎಳೆದು ತರೋದಿಲ್ಲ. ತಾವೇ ಬದಲಾವಣೆ ಮಾಡಿದ್ದರೆ, ತಾವೇ ಬೇರೆ ಭರವಸೆ ಕೊಟ್ಟಿದ್ದರೆ, ತಯಾರಕ ಯಾರು ಅಂತಲೇ ಗೊತ್ತಿಲ್ಲದಿದ್ದರೆ ಅಥವಾ ಅವನಿಗೆ ನೋಟಿಸ್ ಮುಟ್ಟಿಸಲು ಆಗದಿದ್ದರೆ, ಜೋಡಿಸುವಾಗ, ತಪಾಸಣೆ ಮಾಡುವಾಗ ಅಸಡ್ಡೆ ತೋರಿದ್ದರೆ, ಇಂಥ ಕಾರಣ ಇದ್ದರೆ ಅವರ ಹೊಣೆ. ತಯಾರಕ ಎಂದೋ ಮುಚ್ಚಿಹೋದ ಹಳೇ ವಿದೇಶಿ ಬಂದೂಕುಗಳಿಗೆ ಇದು ಮುಖ್ಯ. ಅಂಗಡಿಯಿಂದ ಕೊಂಡಿದ್ದರೆ ಹಿಡಿಯಲು ಒಬ್ಬರಾದರೂ ಇದ್ದಾರೆ. ಪರಿಚಯದ ಲೈಸೆನ್ಸ್‌ದಾರರಿಂದ ಕೊಂಡಿದ್ದರೆ ಅದೂ ಇಲ್ಲ, ಅವರು ವ್ಯಾಪಾರ ಮಾಡುವವರಲ್ಲ.

ಒಂದು ವೆಲ್ಡಿಂಗ್, ಎರಡು ಪೆಟ್ಟು

ಲೈಸೆನ್ಸ್ ಇರುವ ಬಂದೂಕು ರಿಪೇರಿ ಅಂಗಡಿ ಎಲ್ಲಾ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ಊರ ಕಮ್ಮಾರರೋ ವೆಲ್ಡಿಂಗ್ ಅಂಗಡಿಯವರೋ ಹತ್ತಿರ. ಆದರೆ ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ದೊಡ್ಡ ಅಪರಾಧ. 2019ರ ತಿದ್ದುಪಡಿಯ ಮೇಲೆ ಕನಿಷ್ಠ 7 ವರ್ಷದ ಶಿಕ್ಷೆ ಇದೆ. ಇದು ಮೊದಲ ಪೆಟ್ಟು. ವಸ್ತುವನ್ನು ಬದಲಾಯಿಸಿದ್ದರೆ, ತಪ್ಪಾಗಿ ಬಳಸಿದ್ದರೆ ಮಾರಾಟಗಾರನ ಮೇಲೆ ಹೊಣೆ ಬರದು ಅಂತ 87ನೇ ಸೆಕ್ಷನ್ ನೇರವಾಗಿ ಹೇಳುತ್ತದೆ, ತಯಾರಕನೂ ಅದನ್ನೇ ಮುಂದಿಡುತ್ತಾನೆ. ಇದು ಎರಡನೇ ಪೆಟ್ಟು. ದೋಷ ನಿಜಕ್ಕೂ ಕಾರ್ಖಾನೆಯದ್ದೇ ಆಗಿದ್ದರೂ ಆ ವೆಲ್ಡಿಂಗ್ ಗುರುತು ಎಲ್ಲರ ಕಣ್ಣಿಗೆ ಮೊದಲು ಬೀಳುತ್ತದೆ.

ಲೈಸೆನ್ಸೇ ಇಲ್ಲದ ನಾಡಬಂದೂಕಿನ ಮಾತಂತೂ ಬೇಡ. ಬೆಳೆ ಕಾಯಲು ಕಾನೂನು ಪ್ರಕಾರವೇ ಮದ್ದು ತುಂಬುವ ಬಂದೂಕಿಗೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಲೈಸೆನ್ಸ್ ಕೇಳಬಹುದು. ಅದನ್ನು ಬಿಟ್ಟು ಕದ್ದು ಮಾಡಿಸಿದ್ದಕ್ಕೆ ಬಿಲ್ ಇಲ್ಲ, ಮುದ್ರೆ ಇಲ್ಲ, ತಯಾರಕನ ಹೆಸರು ಹೇಳುವ ಹಾಗಿಲ್ಲ. ಇಟ್ಟುಕೊಂಡದ್ದಕ್ಕೇ 2ರಿಂದ 5 ವರ್ಷ ಶಿಕ್ಷೆ. ಒತ್ತಡದ ಪರೀಕ್ಷೆಯನ್ನೇ ಕಾಣದ ನಳಿಗೆ ಎಲ್ಲಕ್ಕಿಂತ ಅಪಾಯದ್ದು, ಪರಿಹಾರದ ದಾರಿ ಮುಚ್ಚಿರುವುದೂ ಅದಕ್ಕೇ. ಇದು ಕಾನೂನಿನ ಒಳಗೇ ಇರುವ ಎಡವಟ್ಟು ಅಂತ ನನಗನ್ನಿಸುತ್ತದೆ. ಹೆದರಿ ಆಸ್ಪತ್ರೆಯಲ್ಲಿ ಪಟಾಕಿ ಸಿಡಿಯಿತು, ಸ್ಟೋವ್ ಸಿಡಿಯಿತು ಅಂತ ಹೇಳಿದರೆ ಇನ್ನೂ ಕಷ್ಟ. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಾಗಲಿ ಮೊದಲು ಬರೆದುಕೊಂಡ ಕಾರಣವೇ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಲೈಸೆನ್ಸ್ ಇದ್ದವರೂ ಗಾಬರಿಯಲ್ಲಿ ಹೀಗೆ ಹೇಳಿ ಕೆಡಿಸಿಕೊಳ್ಳಬಹುದು.

ಕಾವಲುಗಾರ, ಪೊಲೀಸ್, ದಾರಿಹೋಕ

ಬ್ಯಾಂಕ್, ಗೋಡೌನ್, ಹಣದ ಗಾಡಿ ಕಾಯುವವರಲ್ಲಿ ಸ್ವಂತ ಲೈಸೆನ್ಸ್, ಸ್ವಂತ ಬಂದೂಕು ಇರುವವರೇ ಹೆಚ್ಚು. ಡ್ಯೂಟಿಯಲ್ಲಿ ಅದು ಒಡೆದರೆ, ಬಂದೂಕು ನಿನ್ನದು ತಾನೇ ಅಂತ ಏಜೆನ್ಸಿ ಕೈತೊಳೆದುಕೊಳ್ಳಲು ನೋಡಬಹುದು. ಆದರೆ ಉದ್ಯೋಗಿ ಪರಿಹಾರದ ಕಾನೂನು ನೋಡುವುದು ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಅಪಘಾತ ಆಯಿತಾ ಅಂತ. 1923ರ ಕಾಯ್ದೆಯ ಈ ಲೆಕ್ಕ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. 50 ವರ್ಷದವರಿಗೆ 15,000 ರೂಪಾಯಿ ಸಂಬಳ ಅಂತ ಹಿಡಿಯೋಣ. ಅದರ ಶೇ. 60 ಅಂದರೆ 9,000. ಕಾನೂನಿನ ಪಟ್ಟಿಯಲ್ಲಿ ಆ ವಯಸ್ಸಿಗೆ ಇರುವ ಗುಣಕ 153.09. ಗುಣಿಸಿದರೆ 13,77,810, ಇದು ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ. ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ ಶೇ. 40, ಅಂದರೆ 5,51,124 ರೂಪಾಯಿ. ಹೆಬ್ಬೆರಳಿಗೆ ಶೇ. 30. ದೋಷ ಯಾರದ್ದು ಅನ್ನೋ ಜಗಳಕ್ಕೆ ಕಾಯಬೇಕಿಲ್ಲವಾದ್ದರಿಂದ ಕಾವಲುಗಾರರಿಗೆ ಇದೇ ಹತ್ತಿರದ ದಾರಿ. ಇಎಸ್‌ಐ ಇದ್ದವರಿಗೆ ಈ ಹಣ ಅಲ್ಲಿಂದ ತಿಂಗಳ ಲೆಕ್ಕದಲ್ಲಿ ಬರುತ್ತದೆ.

ಪೊಲೀಸರು ತಮ್ಮ ಬಂದೂಕನ್ನು ದುಡ್ಡು ಕೊಟ್ಟು ಕೊಂಡವರಲ್ಲ. ಗ್ರಾಹಕ ಅನ್ನೋ ಲೆಕ್ಕಕ್ಕೆ ಬರುವುದು ಕಷ್ಟ. ಅವರಿಗೆ ಇಲಾಖೆಯ ಸೌಲಭ್ಯ, ಅದು ಸಾಲದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ.

ಪಕ್ಕದಲ್ಲಿ ನಿಂತಿದ್ದು ಪೆಟ್ಟು ತಿಂದವರದ್ದು ನಡುವಿನ ಸ್ಥಿತಿ. ಮಾಲೀಕರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ, ಆದರೆ ಸುಮ್ಮನೆ ಹಾದು ಹೋಗುತ್ತಿದ್ದವರು? ಅವರಿಗೆ ಸಿವಿಲ್ ಕೋರ್ಟೇ ಗಟ್ಟಿ ದಾರಿ. ಅಲ್ಲಿ ಕೇಳುವ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟ್ ಶುಲ್ಕ. ಅಪರಾಧದ ಕೇಸು ಆಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಂತ್ರಸ್ತರ ಪರಿಹಾರಕ್ಕೂ ಅರ್ಜಿ ಹಾಕಬಹುದು.

ಎಷ್ಟು ಸಿಗಬಹುದು, ಎಷ್ಟು ಹೊತ್ತಿಗೆ?

ಗ್ರಾಹಕ ಆಯೋಗದಲ್ಲಿ ಕಣ್ಣಿಗಿಷ್ಟು, ಬೆರಳಿಗಿಷ್ಟು ಅನ್ನೋ ಪಟ್ಟಿ ಇಲ್ಲ. ವಾಹನ ಅಪಘಾತದ ಕೇಸುಗಳ ಲೆಕ್ಕವನ್ನು ಮುಂದಿಟ್ಟು ವಾದ ಮಾಡಬಹುದು. 2010ರಲ್ಲಿ ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರು ಒಂದು, ಅದರಿಂದ ದುಡಿಮೆಗೆ ಬಿದ್ದ ಪೆಟ್ಟು ಇನ್ನೊಂದು. ಎಡಗೈಯ ಮೂರು ಬೆರಳು ಹೋದರೆ ಗುಮಾಸ್ತರು ಹೇಗೋ ಕೆಲಸ ಮುಂದುವರಿಸಬಹುದು. ಸಿಂಧನೂರಿನ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರಿಗೆ ಅದೇ ಗಾಯ ಜೀವನವನ್ನೇ ಕಿತ್ತುಕೊಳ್ಳುತ್ತದೆ. ಆದ್ದರಿಂದ ಆಸ್ಪತ್ರೆ ಬಿಲ್ಲುಗಳ ಜೊತೆ ಏನು ಕೆಲಸ ಮಾಡುತ್ತಿದ್ದರು, ಈಗ ಏನು ಮಾಡಲು ಆಗುತ್ತಿಲ್ಲ ಅನ್ನೋದಕ್ಕೂ ಕಾಗದ ಬೇಕು.

ಇಷ್ಟು ಸಂಕೀರ್ಣ ವಿಷಯ ನಿಮ್ಮ ವ್ಯಾಪ್ತಿಗೆ ಬರಲ್ಲ, ಸಿವಿಲ್ ಕೋರ್ಟಿಗೆ ಕಳಿಸಿ ಅಂತ ಎದುರುದಾರರು ಆಯೋಗದ ಮುಂದೆ ಕೇಳುವ ಸಾಧ್ಯತೆ ಇದೆ. ವಿಷಯ ಸಂಕೀರ್ಣ ಅನ್ನೋ ಒಂದೇ ಕಾರಣಕ್ಕೆ ಹಾಗೆ ಕಳಿಸಬೇಕಿಲ್ಲ ಅಂತ 2002ರಲ್ಲೇ ಡಾ. ಜೆ.ಜೆ. ಮರ್ಚೆಂಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೆಗೆ ಬಹಳ ಜನ ಸೋಲುವುದು ತಾರೀಖಿನಲ್ಲಿ. ಗ್ರಾಹಕ ದೂರಿಗೆ 2 ವರ್ಷದ ಗಡುವು. ಪೊಲೀಸ್ ಕೇಸು ಮುಗಿಯಲಿ, ಆಮೇಲೆ ಪರಿಹಾರ ನೋಡೋಣ ಅಂತ ಊರಲ್ಲಿ ಹಿರಿಯರು ಹೇಳುತ್ತಾರೆ, ಕೆಲವು ವಕೀಲರೂ ಹೇಳುತ್ತಾರೆ. ಪೊಲೀಸ್ ಕೇಸು ನಡೆಯುತ್ತಿದೆ ಅಂತ ಗಡುವು ತಾನಾಗಿ ನಿಲ್ಲುವುದಿಲ್ಲ. ತಡವಾದರೆ ಕಾರಣ ಹೇಳಿ ವಿನಾಯಿತಿ ಕೇಳಬಹುದು, ಕೊಡುವುದು ಬಿಡುವುದು ಆಯೋಗದ ಇಷ್ಟ. ಎರಡೂ ಒಟ್ಟಿಗೆ ನಡೆಯಬಹುದು. ಪ್ರಯೋಗಾಲಯದ ವರದಿ ಬರುವ ಮೊದಲೇ ದೂರು ಸಲ್ಲಿಸಿ, ವರದಿ ಬಂದ ಮೇಲೆ ಆಯೋಗದ ಮುಂದಿಡಲು ಅನುಮತಿ ಕೇಳಬಹುದು.